ಹಣೆಬರಹ ಮತ್ತು ಕೈತಪ್ಪು: ಕ್ಯಾನ್ಸರ್ ಜೀವವಿಜ್ಞಾನದ ಎದುರು ದೈವಕಲ್ಪನೆಗಳು

ರೋಗ ಹಿಡಿದ ಮನುಷ್ಯನ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ: ಇದು ಹೇಗೆ ಬಂತು ಎಂಬುದು ಒಂದು, ತನಗೇ ಏಕೆ ಬಂತು ಎಂಬುದು ಮತ್ತೊಂದು. ಮೊದಲನೆಯದನ್ನು ವೈದ್ಯನ ಮುಂದೆ, ಎರಡನೆಯದನ್ನು ದೇವರ ಮುಂದೆ ಇಡುವ ಹಂಚಿಕೆ ಬಹುಕಾಲದಿಂದ ನಡೆದುಬಂದಿದೆ. ಕ್ಯಾನ್ಸರಿನ ವಿಷಯದಲ್ಲಿ ಮಾತ್ರ ಈ ಹಂಚಿಕೆ ಉಳಿಯಲಿಲ್ಲ. ಕಳೆದ ನೂರೈವತ್ತು ವರ್ಷಗಳಲ್ಲಿ ಜೀವವಿಜ್ಞಾನವು ಈ ರೋಗದ ಹುಟ್ಟನ್ನು ಬಿಡಿಸುತ್ತ ಹೋದಂತೆ, ಅದಕ್ಕೆ ಎದುರಾದ ಸಂಗತಿಗಳು, ಅಂದರೆ ಆಕಸ್ಮಿಕ, ವಿಕಾಸ, ಸಾವು, ಸಾಯದಿರುವಿಕೆ, ಇವೆಲ್ಲ ದೇವತಾಶಾಸ್ತ್ರದ ಹಳೆಯ ವಿಷಯಗಳೇ ಆಗಿದ್ದವು. ದೈವವನ್ನು ರೋಗದ ಕಾರಣವೆಂದು ಎಣಿಸುವ ಕಲ್ಪನೆಗಳು ಈ ಸಂಶೋಧನೆಯ ಎದುರು ಒಂದೊಂದಾಗಿ ಸೊರಗಿವೆ. ದೈವವನ್ನು ಆಸರೆಯೆಂದು ಎಣಿಸುವ ಕಲ್ಪನೆಗೆ ಅದರಿಂದ ಹೆಚ್ಚಿನ ಧಕ್ಕೆ ಒದಗಿಲ್ಲ. ಈ ಎರಡನ್ನೂ ಒಂದೇ ಎಂದು ಹಿಡಿದು ನಡೆದ ವಾದಗಳಲ್ಲಿ ಆಸ್ತಿಕರೂ ನಾಸ್ತಿಕರೂ ಸರಿಸಮವಾಗಿ ದಾರಿ ತಪ್ಪಿದ್ದಾರೆ.

ಅಂಟುರೋಗಗಳಿಗೆ ಕರ್ನಾಟಕದಲ್ಲಿ ದೇವತೆಗಳಿದ್ದಾರೆ. ಸಿಡುಬಿಗೆ ಜನ ಇಟ್ಟ ಹೆಸರೇ 'ಅಮ್ಮ'. ಮೈಮೇಲೆ ಗುಳ್ಳೆಯೆದ್ದರೆ ಅಮ್ಮ ಬಂದಿದ್ದಾಳೆ ಎನ್ನುವುದು, ಬೇವಿನ ಸೊಪ್ಪು ಹಾಸಿ, ತಂಪು ಮಾಡಿ, ಅವಳನ್ನು ಸಮಾಧಾನದಿಂದ ಕಳುಹಿಸಿಕೊಡುವುದು ವಾಡಿಕೆಯಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಪ್ಲೇಗಿನಮ್ಮನ ಗುಡಿಗಳು ಎದ್ದವು; ಸುಮಾರು ನೂರು ವರ್ಷಗಳ ತರುವಾಯ, 1997ರಲ್ಲಿ, ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಏಡ್ಸಮ್ಮನೂ ನೆಲೆಗೊಂಡಳು. ಆದರೆ ಕ್ಯಾನ್ಸರಿಗೆ ಅಂಥ ಹೆಸರಾಂತ ಅಮ್ಮ ಹುಟ್ಟಲಿಲ್ಲ. ಮಾರಿ ಊರಿಗೆ ಹೊರಗಿನಿಂದ ಬರುವವಳು, ಕೇರಿಯಿಂದ ಕೇರಿಗೆ ನಡೆಯುವವಳು, ಆದ್ದರಿಂದಲೇ ಅವಳನ್ನು ಗಡಿ ದಾಟಿಸಲು ಬರುತ್ತದೆ. ಒಬ್ಬರ ಮೈಯೊಳಗೆ ಸದ್ದಿಲ್ಲದೆ ಬೆಳೆದು, ಪಕ್ಕದಲ್ಲಿ ಮಲಗಿದವರಿಗೂ ತಗಲದ ಗಡ್ಡೆಯನ್ನು ಯಾವ ಗಡಿಯಾಚೆ ಬಿಟ್ಟುಬರಬೇಕು? ಹೊರಗಿನ ಶತ್ರುವಿಲ್ಲದ ಈ ರೋಗಕ್ಕೆ ಜನಮನಸ್ಸು ಒಳಗಿನ ಕಾರಣವನ್ನೇ ಹುಡುಕಿತು, ಅದನ್ನು ಕರ್ಮವೆಂದು ಕರೆಯಿತು. 'ಯಾವ ಜನ್ಮದ ಪಾಪವೋ' ಎಂಬ ಮಾತು ಈ ಹುಡುಕಾಟದ ಕೊನೆಯ ನಿಲ್ದಾಣ. ರೋಗದ ಮೂಲ ದೇಹದ ಒಳಗೇ ಇದೆ ಎಂಬುದನ್ನು ಆ ಮಾತು ಸರಿಯಾಗಿಯೇ ಊಹಿಸಿತ್ತು, ಆದರೆ ಆ ಮೂಲವನ್ನು ರೋಗಿಯ ನಡತೆಯೊಂದಿಗೆ ಗಂಟುಹಾಕಿದ್ದು ತಪ್ಪಾಯಿತು.

ಪ್ರಾಚೀನ ವೈದ್ಯಶಾಸ್ತ್ರವಾದರೋ ಇಷ್ಟು ಅವಸರಪಟ್ಟಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನವು 'ಅರ್ಬುದ'ವನ್ನು ದುಂಡಗಿನ, ಅಲುಗದ, ನೋವು ಕಡಿಮೆಯಿರುವ, ಆಳಕ್ಕೆ ಬೇರುಬಿಟ್ಟ, ನಿಧಾನವಾಗಿ ಬೆಳೆಯುವ, ಕೀವಾಗದ ಗಡ್ಡೆಯೆಂದು ವರ್ಣಿಸುತ್ತದೆ. ಒಂದರ ಮೇಲೆ ಇನ್ನೊಂದು ಎದ್ದರೆ ಅದು 'ಅಧ್ಯರ್ಬುದ'. ಕಾರಣಗಳಾಗಿ ಅದು ಹೇಳುವುದು ಕೆರಳಿದ ದೋಷಗಳನ್ನು, ಮುಷ್ಟಿಯ ಪೆಟ್ಟನ್ನು, ಆಹಾರವನ್ನು, ದೇವತೆಯ ಮುನಿಸನ್ನಲ್ಲ. ಚರಕಸಂಹಿತೆ ಚಿಕಿತ್ಸೆಯನ್ನು ಮೂರಾಗಿ ವಿಂಗಡಿಸಿ, ಮಂತ್ರ, ಬಲಿ, ಹೋಮ, ಉಪವಾಸಗಳನ್ನು 'ದೈವವ್ಯಪಾಶ್ರಯ'ವೆಂದೂ, ಆಹಾರ ಮತ್ತು ಔಷಧಗಳ ಯೋಜನೆಯನ್ನು 'ಯುಕ್ತಿವ್ಯಪಾಶ್ರಯ'ವೆಂದೂ, ಮನಸ್ಸನ್ನು ಅಹಿತದಿಂದ ಹಿಂದೆಗೆಯುವುದನ್ನು 'ಸತ್ತ್ವಾವಜಯ'ವೆಂದೂ ಕರೆಯಿತು. ಅದೇ ಗ್ರಂಥದ ವಿಮಾನಸ್ಥಾನದಲ್ಲಿ ಆಯುಸ್ಸು ಪೂರ್ವನಿಶ್ಚಿತವೇ ಎಂಬ ಪ್ರಶ್ನೆ ಬಂದಾಗ ಸಿಗುವ ಉತ್ತರ, ಹಾಗೆ ಎಲ್ಲವೂ ಗೊತ್ತಾಗಿಬಿಟ್ಟಿದ್ದರೆ ಮಂತ್ರವೂ ಬೇಡ, ಔಷಧವೂ ಬೇಡ, ಹಾವು ಹುಲಿಗಳಿಗೆ ಹೆದರುವ ಕಾರಣವೂ ಇರುತ್ತಿರಲಿಲ್ಲ ಎಂಬ ಧಾಟಿಯದು. ದೈವವೆಂದರೆ ಹಿಂದಿನ ದೇಹದಲ್ಲಿ ಮಾಡಿದ್ದು, ಪುರುಷಕಾರವೆಂದರೆ ಈಗ ಮಾಡುವುದು. ಇವೆರಡರಲ್ಲಿ ಬಲವಾದದ್ದು ಇನ್ನೊಂದನ್ನು ಮೀರುತ್ತದೆ ಎಂಬುದು ಅಲ್ಲಿನ ನಿಲುವು. ಗ್ರೀಸಿನಲ್ಲಿ ಈ ರೋಗಕ್ಕೆ ಏಡಿಯ ಹೆಸರಿಟ್ಟ ಹಿಪೊಕ್ರಟೀಸನ ಪರಂಪರೆಯೂ, ದೇವರು ಕಳುಹಿಸಿದ್ದೆಂದು ಹೇಳಲಾಗುತ್ತಿದ್ದ ಅಪಸ್ಮಾರ ಉಳಿದ ರೋಗಗಳಿಗಿಂತ ಹೆಚ್ಚು ಪವಿತ್ರವೇನಲ್ಲ ಎಂದು ವಾದಿಸಿತ್ತು. ಕನ್ನಡದ ಹಳೆಯ ವಿಜ್ಞಾನ ಬರಹಗಳಲ್ಲಿ ಕಾಣುವ 'ಏಡಿಗಂತಿ' ಎಂಬ ಪದ ಆ ಗ್ರೀಕ್ ಏಡಿಯ ಮೊಮ್ಮಗು.

ಈ ಹಳೆಯ ಚರ್ಚೆಗಳಲ್ಲೆಲ್ಲ ಇಂದಿನ ಜೀವವಿಜ್ಞಾನಕ್ಕೆ ಅತ್ಯಂತ ಹತ್ತಿರ ನಿಲ್ಲುವುದು, ವೈದ್ಯಗ್ರಂಥವೇ ಅಲ್ಲದ ಪಾಲಿ ಭಾಷೆಯ ಸಂಯುತ್ತ ನಿಕಾಯದ ಒಂದು ಸಂವಾದ. ಮನುಷ್ಯ ಅನುಭವಿಸುವ ಸುಖದುಃಖಗಳೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಸೀವಕನೆಂಬ ಪರಿವ್ರಾಜಕ ಕೇಳುತ್ತಾನೆ. ಬುದ್ಧನು ಪಿತ್ತ, ಕಫ, ವಾತ, ಇವು ಮೂರರ ಕೂಟ, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು, ಹೀಗೆ ಏಳನ್ನು ಎಣಿಸಿ, ಕರ್ಮದ ಫಲವನ್ನು ಎಂಟನೆಯದಾಗಿ ಮಾತ್ರ ಸೇರಿಸುತ್ತಾನೆ. ಎಲ್ಲವನ್ನೂ ಪೂರ್ವಕರ್ಮಕ್ಕೆ ಹಚ್ಚುವವರು ತಾವೇ ಕಂಡರಿತದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತನಾಡುತ್ತಿದ್ದಾರೆ ಎಂದೂ ತಿಳಿಸುತ್ತಾನೆ. ಕರ್ಮಸಿದ್ಧಾಂತವನ್ನು ಒಪ್ಪಿದ ಪರಂಪರೆಯೊಂದು ಅದಕ್ಕೆ ಎಂಟರಲ್ಲಿ ಒಂದು ಪಾಲನ್ನಷ್ಟೇ ಕೊಟ್ಟಿತ್ತೆಂಬುದನ್ನು, ಭಾರತೀಯ ಧರ್ಮಗಳೆಲ್ಲ ರೋಗವನ್ನು ಪಾಪದ ಫಲವೆಂದವು ಎಂದು ಬರೆಯುವವರು ಮರೆಯುತ್ತಾರೆ.

ಪಾಪ ಮತ್ತು ಶಿಕ್ಷೆಯ ಲೆಕ್ಕಕ್ಕೆ ಮೊದಲ ಗಟ್ಟಿ ಪೆಟ್ಟು ಬಿದ್ದದ್ದು, ಸೋಜಿಗವೆನಿಸಿದರೂ, ಇಟಲಿಯ ಕ್ರೈಸ್ತ ಸನ್ಯಾಸಿನಿಯರ ಮಠಗಳಿಂದ. ಕಸುಬಿನಿಂದ ಬರುವ ರೋಗಗಳ ಬಗ್ಗೆ ಮೊದಲ ಸಮಗ್ರ ಗ್ರಂಥ ಬರೆದ ಬರ್ನಾರ್ದಿನೊ ರಾಮಾಝಿನಿ, ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ, ಸ್ತನದ ಕ್ಯಾನ್ಸರ್ ಸನ್ಯಾಸಿನಿಯರಲ್ಲಿ ಹೆಚ್ಚೆಂಬುದನ್ನು ಗುರುತಿಸಿದ್ದ. 1842ರಲ್ಲಿ ದೊಮೆನಿಕೊ ರಿಗೊನಿ ಸ್ಟೆರ್ನ್ ಎಂಬ ವೈದ್ಯ, ವೆರೋನಾ ನಗರದಲ್ಲಿ 1760ರಿಂದ 1839ರವರೆಗಿನ ಮರಣದಾಖಲೆಗಳನ್ನು ಜಾಲಾಡಿ, ಸನ್ಯಾಸಿನಿಯರಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚಿರುವಂತೆಯೇ ಗರ್ಭಾಶಯದ ಕ್ಯಾನ್ಸರ್ ವಿವಾಹಿತೆಯರಿಗಿಂತ ಕಡಿಮೆಯಿದೆಯೆಂದು ತೋರಿಸಿದ. ಇದರ ಗುಟ್ಟು ಬಿಡಿಸಲು ಮುಂದಿನ ಶತಮಾನವೇ ಬೇಕಾಯಿತು. ಹೆರದ, ಹಾಲೂಡದ ದೇಹದಲ್ಲಿ ಹಾರ್ಮೋನುಗಳ ಏರಿಳಿತ ಬೇರೆ ಬಗೆಯಾಗಿರುವುದರಿಂದ ಸ್ತನದ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಪ್ಯಾಪಿಲೋಮಾ ವೈರಸ್ಸು. ಈ ಎರಡನೆಯದನ್ನು ತೋರಿಸಿದ ಹೆರಾಲ್ಡ್ ತ್ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ದೇವರಿಗಾಗಿ ತೊಟ್ಟ ಒಂದೇ ವ್ರತ ಒಂದು ಅಂಗವನ್ನು ಕಾಯಿತು, ಇನ್ನೊಂದನ್ನು ಬಲಿಕೊಟ್ಟಿತು. ಇದನ್ನು ಶಿಕ್ಷೆಯೆನ್ನಲು ಬರುವುದಿಲ್ಲ, ಪ್ರತಿಫಲವೆನ್ನಲೂ ಬರುವುದಿಲ್ಲ. ನೀತಿಯ ಯಾವ ಲೆಕ್ಕಪುಸ್ತಕದಲ್ಲಿಯೂ ಈ ಎರಡು ಅಂಕಿಗಳು ಒಟ್ಟಿಗೆ ಕೂಡುವುದಿಲ್ಲ.

ಹಾಗಾದರೆ ಒಳಗೆ ನಡೆಯುವುದೇನು? ಜೀವಕೋಶ ಹುಟ್ಟುವುದು ಇನ್ನೊಂದು ಜೀವಕೋಶದಿಂದಲೇ ಎಂಬ ಸೂತ್ರವನ್ನು ರುಡಾಲ್ಫ್ ವಿರ್ಖೋವ್ 1855ರಲ್ಲಿ ಪ್ರಚುರಪಡಿಸಿದ ಮೇಲೆ, ಗಡ್ಡೆಯೂ ದೇಹದ ಸ್ವಂತ ಕೋಶಗಳ ಸಂತಾನವೆಂಬುದು ನಿಶ್ಚಿತವಾಯಿತು. 1911ರಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆಯೊಂದು ವೈರಸ್ಸಿನಿಂದ ಹರಡುವುದನ್ನು ಕಂಡುಹಿಡಿದಾಗ, ಶತ್ರು ಹೊರಗಿನವನೇ ಇರಬಹುದೆಂಬ ಆಸೆ ಮತ್ತೆ ಚಿಗುರಿತು. ಆದರೆ 1976ರಲ್ಲಿ ಮೈಕೆಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್, ಆ ವೈರಸ್ಸಿನೊಳಗಿನ ಕೇಡಿನ ಜೀನ್ ಮೂಲತಃ ಆರೋಗ್ಯವಂತ ಕೋಳಿಯದ್ದೇ ಎಂದು, ವೈರಸ್ಸು ಅದನ್ನು ಕದ್ದೊಯ್ದಿತ್ತೆಂದು ತೋರಿಸಿದರು. ಜೀನ್ ಎಂದರೆ ಕೋಶದ ಕೆಲಸವನ್ನು ನಿರ್ದೇಶಿಸುವ ಆನುವಂಶಿಕ ಬರಹದ ಒಂದು ವಾಕ್ಯ. ಕೋಶ ಬೆಳೆಯಲು, ಗಾಯ ಮಾಯಲು, ಭ್ರೂಣ ಮಗುವಾಗಲು ಬೇಕಾದ ವಾಕ್ಯಗಳೇ ತುಸು ತಿದ್ದಿದರೆ ಕ್ಯಾನ್ಸರಿನ ಆಜ್ಞೆಗಳಾಗುತ್ತವೆ. ಬೆಳವಣಿಗೆಗೆ ತಡೆಹಾಕುವ ಜೀನುಗಳು ಬೇರೆ ಇವೆ. ಮಕ್ಕಳ ಕಣ್ಣಿಗೆ ಬರುವ ರೆಟಿನೊಬ್ಲಾಸ್ಟೋಮಾ ಎಂಬ ಕ್ಯಾನ್ಸರನ್ನು ಅಧ್ಯಯನ ಮಾಡಿದ ಆಲ್ಫ್ರೆಡ್ ನಡ್ಸನ್ 1971ರಲ್ಲಿ, ಅಂಥ ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ರೋಗ ಹುಟ್ಟುತ್ತದೆಂದೂ, ಒಂದು ಪ್ರತಿ ಕೆಟ್ಟೇ ಹುಟ್ಟಿದ ಮಗುವಿಗೆ ಇನ್ನೊಂದು ಏಟು ಸಾಕೆಂದೂ ಲೆಕ್ಕಹಾಕಿ ಹೇಳಿದ. ಪಾಪವೆಸಗಲು ಇನ್ನೂ ಪುರುಸೊತ್ತೇ ಸಿಗದ ಕೂಸಿನ ರೋಗಕ್ಕೆ ಹಿಂದಿನ ಜನ್ಮವನ್ನು ಸಾಕ್ಷಿಗೆ ಕರೆಯಬೇಕಾದ ಅಗತ್ಯ ಅಲ್ಲಿಗೆ ತಪ್ಪಿತು.

ಈ ಏಟುಗಳಿಗೆ ಜೀವವಿಜ್ಞಾನದಲ್ಲಿ ಉತ್ಪರಿವರ್ತನೆ ಎಂದು ಹೆಸರು. ಓಲೆಗರಿಯ ಗ್ರಂಥಗಳನ್ನು ಸಂಪಾದಿಸಿದ ಕನ್ನಡ ವಿದ್ವಾಂಸರಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಲಿಪಿಕಾರ ಎಷ್ಟೇ ಶ್ರದ್ಧೆಯವನಾದರೂ ಪ್ರತಿಯಿಂದ ಪ್ರತಿಗೆ ಅಕ್ಷರಗಳು ತಪ್ಪುತ್ತವೆ, ಸಾಲುಗಳು ಬಿಟ್ಟುಹೋಗುತ್ತವೆ, ಒಮ್ಮೆ ನುಸುಳಿದ ಪಾಠಾಂತರ ಮುಂದಿನ ಪ್ರತಿಗಳಿಗೆಲ್ಲ ಇಳಿಯುತ್ತದೆ. ಮನುಷ್ಯನ ಕೋಶವೊಂದು ಇಬ್ಭಾಗವಾಗುವ ಮುನ್ನ ಮುನ್ನೂರು ಕೋಟಿ ಅಕ್ಷರಗಳ ಜೋಡಿಗ್ರಂಥವನ್ನು ನಕಲು ಮಾಡಿಕೊಳ್ಳಬೇಕು. ತಿದ್ದುವ ವ್ಯವಸ್ಥೆ ಬಹು ಚೊಕ್ಕವಾಗಿದ್ದರೂ ಪ್ರತಿ ಸಲವೂ ಕೆಲವು ತಪ್ಪುಗಳು ಉಳಿಯುತ್ತವೆ. ಅವುಗಳಲ್ಲಿ ಬಹುತೇಕ ನಿರುಪದ್ರವಿ. ಆಯಕಟ್ಟಿನ ಜೀನುಗಳಲ್ಲಿ ಒಂದರ ಮೇಲೊಂದು ತಪ್ಪು ಕೂಡಿಬಂದ ಕೋಶ ಮಾತ್ರ ನೆರೆಯವುಗಳಿಗಿಂತ ವೇಗವಾಗಿ ಬೆಳೆದು, ತನ್ನ ಸಂತತಿಯಲ್ಲಿ ಇನ್ನಷ್ಟು ಬಲವಾದದ್ದನ್ನು ಮುಂದಕ್ಕೆ ತರುತ್ತದೆ. 1976ರಲ್ಲಿ ಪೀಟರ್ ನೋವೆಲ್ ಮಂಡಿಸಿದ ಈ ವಿವರಣೆಯ ಪ್ರಕಾರ, ಡಾರ್ವಿನ್ ಕಾಡಿನಲ್ಲಿ ಕಂಡ ನೈಸರ್ಗಿಕ ಆಯ್ಕೆಯೇ ಒಂದು ದೇಹದೊಳಗೆ ಕೆಲವೇ ವರ್ಷಗಳಲ್ಲಿ ನಡೆಯುತ್ತದೆ. ಬ್ರಹ್ಮ ಹಣೆಯಲ್ಲಿ ಬರೆದನೆಂಬ ಕಲ್ಪನೆಯಲ್ಲಿ ಬರೆದವನಿಗೊಂದು ಉದ್ದೇಶವಿರುತ್ತದೆ. ಲಿಪಿಕಾರನ ಕೈತಪ್ಪಿಗೆ ಉದ್ದೇಶವಿಲ್ಲ. ಧರ್ಮಚಿಂತನೆಗೆ ನಿಜವಾಗಿ ನುಂಗಲಾಗದ ತುತ್ತು ಇದೇ.

ಈ ತುತ್ತಿನ ಗಾತ್ರವೆಷ್ಟು ಎಂಬುದು 2015ರಲ್ಲಿ ಅಂಕಿಗಳಲ್ಲಿ ಚರ್ಚೆಗೆ ಬಂತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ರಿಸ್ಟಿಯನ್ ತೊಮಸೆತ್ತಿ ಮತ್ತು ಬರ್ಟ್ ವೋಗೆಲ್‌ಸ್ಟೀನ್, ದೇಹದ 31 ಬಗೆಯ ಅಂಗಾಂಶಗಳನ್ನು ಹೋಲಿಸಿ, ಯಾವ ಅಂಗಾಂಶದಲ್ಲಿ ಮೂಲಕೋಶಗಳು ಹೆಚ್ಚು ಸಲ ವಿಭಜನೆಯಾಗುತ್ತವೆಯೋ ಅಲ್ಲಿ ಕ್ಯಾನ್ಸರಿನ ಸಂಭವವೂ ಹೆಚ್ಚೆಂದು, ಅಂಗಾಂಶಗಳ ನಡುವಿನ ವ್ಯತ್ಯಾಸದ ಮೂರರಲ್ಲಿ ಎರಡು ಪಾಲನ್ನು ಇದೊಂದೇ ವಿವರಿಸುತ್ತದೆಂದು ಬರೆದರು. ಪತ್ರಿಕೆಗಳು ಇದನ್ನು 'ಮೂರರಲ್ಲಿ ಎರಡು ಕ್ಯಾನ್ಸರುಗಳು ಬರಿಯ ದುರದೃಷ್ಟದಿಂದ' ಎಂದು ತಿರುಚಿದವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಹಿರಂಗವಾಗಿ ಆಕ್ಷೇಪಿಸಿತು. 2017ರಲ್ಲಿ ಅದೇ ಲೇಖಕರು ತಮ್ಮ ಲೆಕ್ಕವನ್ನು ಬಿಡಿಸಿ, ಕ್ಯಾನ್ಸರಿಗೆ ಎಡೆಮಾಡುವ ಉತ್ಪರಿವರ್ತನೆಗಳಲ್ಲಿ ಶೇಕಡ 66 ನಕಲಿನ ತಪ್ಪುಗಳು, 29 ಪರಿಸರದಿಂದ, 5 ಆನುವಂಶಿಕ ಎಂದು ಅಂದಾಜು ಮಾಡಿದರು. ಒಂದು ಕ್ಯಾನ್ಸರಿಗೆ ಹಲವು ಏಟುಗಳು ಬೇಕಾಗಿರುವುದರಿಂದ, ಹೊಗೆಯಿಂದ ಬೀಳುವ ಒಂದು ಏಟನ್ನು ತಪ್ಪಿಸಿದರೂ ರೋಗ ತಪ್ಪಬಹುದು, ಆದ್ದರಿಂದ ಈ ಅಂಕಿಗಳು ತಡೆಗಟ್ಟುವಿಕೆಗೆ ವಿರುದ್ಧವಲ್ಲ ಎಂದೂ ಅವರು ಸ್ಪಷ್ಟಪಡಿಸಿದರು. ಅಂಕಿಗಳ ಬಗೆಗಿನ ಜಗಳ ಇಲ್ಲಿ ಮುಖ್ಯವಲ್ಲ. ಅದೃಷ್ಟವೆಂಬ ಪದವನ್ನು ವಿಜ್ಞಾನಿಗಳು ಬಳಸಿದ ಕೂಡಲೇ ಲೋಕವೆಲ್ಲ ತಳಮಳಗೊಂಡದ್ದು ಮುಖ್ಯ. ಪಾಪದ ಫಲವೆಂಬ ಉತ್ತರ ಕ್ರೂರವಾದರೂ ಅದರಲ್ಲಿ ಕಾರಣವೊಂದಿತ್ತು, ಈ ಉತ್ತರದಲ್ಲಿ ಕಾರಣವಿದ್ದೂ ಅರ್ಥವಿಲ್ಲ.

ಪಶ್ಚಿಮದ ಕ್ರೈಸ್ತ ಚಿಂತಕರಲ್ಲಿ ವಿಜ್ಞಾನ ಬಲ್ಲವರು ಈ ಆಕಸ್ಮಿಕವನ್ನು ದೇವರ ವಿರುದ್ಧ ಸಾಕ್ಷಿಯಾಗಲು ಬಿಡದೆ ದೇವರ ಸಾಧನವಾಗಿ ಮಾಡಿಕೊಂಡರು. ಸಂಖ್ಯಾಶಾಸ್ತ್ರಜ್ಞ ಡೇವಿಡ್ ಬಾರ್ಥಲೊಮ್ಯೂ, ಜೀವರಸಾಯನಶಾಸ್ತ್ರಜ್ಞನೂ ಪಾದ್ರಿಯೂ ಆಗಿದ್ದ ಆರ್ಥರ್ ಪೀಕಾಕ್, ಕೇಂಬ್ರಿಜ್‌ನ ಭೌತವಿಜ್ಞಾನ ಪ್ರಾಧ್ಯಾಪಕನ ಹುದ್ದೆಯನ್ನು ಬಿಟ್ಟು ದೀಕ್ಷೆ ಪಡೆದ ಜಾನ್ ಪೋಲ್ಕಿಂಗ್‌ಹಾರ್ನ್, ಇವರು ಆ ಪೈಕಿ ಮುಖ್ಯರು. ಪೋಲ್ಕಿಂಗ್‌ಹಾರ್ನ್ ತಮ್ಮ ವಾದಕ್ಕೆ ಕ್ಯಾನ್ಸರನ್ನೇ ಉದಾಹರಣೆಯಾಗಿ ತೆಗೆದುಕೊಂಡರು: ಜೀವಿಗಳು ತಮ್ಮನ್ನು ತಾವೇ ರೂಪಿಸಿಕೊಳ್ಳುವಂತೆ ದೇವರು ಸೃಷ್ಟಿಯನ್ನು ಸ್ವತಂತ್ರವಾಗಿ ಬಿಟ್ಟಿದ್ದಾನೆ, ಹೊಸ ಜೀವರೂಪಗಳನ್ನು ಹುಟ್ಟಿಸುವ ಉತ್ಪರಿವರ್ತನೆಯೇ ಕೆಲವು ಕೋಶಗಳನ್ನು ಕೆಡಿಸುತ್ತದೆ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಲಾಗದು. 2017ರಲ್ಲಿ ಲೂಥರ್ ಪಂಥದ ದೇವತಾಶಾಸ್ತ್ರಜ್ಞ ಲಿಯೊನಾರ್ಡ್ ಹಮಲ್ ಮತ್ತು ಅಣುಜೀವವಿಜ್ಞಾನಿ ಗೇಲ್ ವೊಲೊಶಾಕ್ ಕೂಡಿ ಬರೆದ ಪುಸ್ತಕ ಕ್ಯಾನ್ಸರಿಗೇ ಮೀಸಲಾದ ವಿಕಾಸವಾದಿ ದೇವತಾಶಾಸ್ತ್ರವನ್ನು ಕಟ್ಟಿತು. ಆಕಸ್ಮಿಕ ಮತ್ತು ಅನಿವಾರ್ಯತೆ ಎಂಬ ಎರಡು ಪದಗಳಿಗೆ ಅವರು ಪ್ರೀತಿಯೆಂಬ ಮೂರನೆಯದನ್ನು ಸೇರಿಸಿದರು.

ಪೋಲ್ಕಿಂಗ್‌ಹಾರ್ನರ ವಾದ ಸೊಗಸಾಗಿದೆ, ಪ್ರಾಮಾಣಿಕವಾಗಿದೆ, ಆದರೆ ಆನೆಯ ಎದುರು ನಿಲ್ಲುವುದಿಲ್ಲ. ದೇಹ ದೊಡ್ಡದಾದಷ್ಟೂ ಕೋಶಗಳು ಹೆಚ್ಚು, ಆಯುಸ್ಸು ಬೆಳೆದಷ್ಟೂ ನಕಲುಗಳು ಹೆಚ್ಚು. ಹೀಗಿರುವಾಗ ಆನೆ ತಿಮಿಂಗಿಲಗಳಿಗೆ ಮನುಷ್ಯರಿಗಿಂತ ಎಷ್ಟೋ ಪಾಲು ಹೆಚ್ಚು ಕ್ಯಾನ್ಸರ್ ಬರಬೇಕಾಗಿತ್ತು, ಬರುವುದಿಲ್ಲ. ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ರಿಚರ್ಡ್ ಪೀಟೊ ಎತ್ತಿದ ಈ ಒಗಟಿಗೆ 2015ರಲ್ಲಿ ಒಂದು ಉತ್ತರ ಸಿಕ್ಕಿತು. ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ, ತಿದ್ದಲಾಗದಿದ್ದರೆ ಅದನ್ನು ಸಾಯುವಂತೆ ಮಾಡುವ ಪಿ53 ಎಂಬ ಪ್ರೋಟೀನಿನ ಜೀನ್ ಮನುಷ್ಯನಲ್ಲಿ ಒಂದು ಜೋಡಿಯಿದ್ದರೆ ಆನೆಯಲ್ಲಿ ಅಂಥ ಜೋಡಿಗಳು 20. ಮನುಷ್ಯನ ಕ್ಯಾನ್ಸರುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಕೆಟ್ಟಿರುವುದು ಇದೇ ಜೀನ್. ಅದೇ ಅಧ್ಯಯನದ ಅಂದಾಜಿನಂತೆ ಕ್ಯಾನ್ಸರಿನಿಂದ ಸಾಯುವ ಆನೆಗಳು ಶೇಕಡ 5ಕ್ಕೂ ಕಡಿಮೆ. ಉತ್ಪರಿವರ್ತನೆಯ ಸ್ವಾತಂತ್ರ್ಯವನ್ನು ಉಳಿಸಿಕೊಂಡೇ ಕ್ಯಾನ್ಸರನ್ನು ಬಹುಮಟ್ಟಿಗೆ ತಡೆಯಬಹುದೆಂಬುದಕ್ಕೆ ಈ ಪ್ರಾಣಿಯೇ ಸಾಕ್ಷಿಯಾದ ಮೇಲೆ, ಮನುಷ್ಯನಿಗೇಕೆ ಆ ಕಾವಲು ಸಿಗಲಿಲ್ಲ ಎಂಬ ಪ್ರಶ್ನೆಗೆ ಈ ದೇವತಾಶಾಸ್ತ್ರದಲ್ಲಿ ಉತ್ತರವಿಲ್ಲ. ವಿಕಾಸವಾದದಲ್ಲಿ ಇದೆ: ಮಕ್ಕಳನ್ನು ಹೆತ್ತು ಸಾಕುವ ವಯಸ್ಸು ದಾಟಿದ ಮೇಲೆ ಬರುವ ರೋಗವನ್ನು ನೈಸರ್ಗಿಕ ಆಯ್ಕೆ ಗಮನಿಸುವುದೇ ಕಡಿಮೆ. ಆನೆಮೊಗದ ದೇವರನ್ನು ವಿಘ್ನನಿವಾರಕನೆಂದು ಮೊದಲು ಪೂಜಿಸುವ ನಾಡಿನಲ್ಲಿ ಈ ಸಂಗತಿ ಒಂದು ಮುಗುಳ್ನಗೆಗಾದರೂ ಅರ್ಹ.

ಕ್ಯಾನ್ಸರ್ ಎತ್ತಿದ ಇನ್ನೊಂದು ಪ್ರಶ್ನೆ ಅಮರತ್ವದ್ದು. ಸಾಮಾನ್ಯ ಕೋಶವು ಪ್ರತಿ ವಿಭಜನೆಯಲ್ಲಿಯೂ ತನ್ನ ವರ್ಣತಂತುಗಳ ತುದಿಯನ್ನು ತುಸುತುಸುವೇ ಕಳೆದುಕೊಂಡು ಕೊನೆಗೆ ನಿಂತುಹೋಗುತ್ತದೆ. ಬಹುಪಾಲು ಕ್ಯಾನ್ಸರ್ ಕೋಶಗಳು ಆ ತುದಿಯನ್ನು ಮತ್ತೆ ಕಟ್ಟುವ ಟೆಲೊಮರೇಸ್ ಎಂಬ ಕಿಣ್ವವನ್ನು ಎಬ್ಬಿಸಿಕೊಂಡು ನಿಲ್ಲದೆ ಬೆಳೆಯುತ್ತವೆ. ಅಮೃತವನ್ನು ಕದ್ದು ಕುಡಿದ ರಾಹುವಿನ ತಲೆ ಮುಂಡವಿಲ್ಲದೆಯೂ ಉಳಿದು ಸೂರ್ಯಚಂದ್ರರನ್ನು ಕಾಡಿದ ಕಥೆಯನ್ನು ಬಲ್ಲವರಿಗೆ, ಇಡೀ ದೇಹಕ್ಕೆ ಸಲ್ಲದ ಅಮರತ್ವ ಒಂದು ತುಣುಕಿಗೆ ದಕ್ಕಿದರೆ ಏನಾಗುತ್ತದೆಂಬುದು ಹೊಸತಲ್ಲ. 1951ರ ಅಕ್ಟೋಬರ್ 4ರಂದು ಬಾಲ್ಟಿಮೋರಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ತೀರಿಕೊಂಡ 31 ವರ್ಷದ ಕಪ್ಪು ಮಹಿಳೆ ಹೆನ್ರಿಯೆಟಾ ಲ್ಯಾಕ್ಸ್‌ಳ ಗಡ್ಡೆಯಿಂದ, ಅವಳ ಒಪ್ಪಿಗೆಯಿಲ್ಲದೆ ತೆಗೆದ ಕೋಶಗಳು 'ಹೀಲಾ' ಎಂಬ ಹೆಸರಿನಲ್ಲಿ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಪೋಲಿಯೊ ಲಸಿಕೆಯ ಪರೀಕ್ಷೆಗೆ ಒದಗಿದ್ದೂ ಅವೇ. ರೆಬೆಕಾ ಸ್ಕ್ಲೂಟ್ 2010ರ ತಮ್ಮ ಪುಸ್ತಕದಲ್ಲಿ ದಾಖಲಿಸಿರುವಂತೆ, ಬಡತನದಲ್ಲಿದ್ದ ಆ ಕುಟುಂಬದ ಕೆಲವರು ಈ ಸಾಯದ ಕೋಶಗಳನ್ನು ದೇವರು ಹೆನ್ರಿಯೆಟಾಳಿಗೆ ಕೊಟ್ಟ ಅಲೌಕಿಕ ದೇಹವೆಂದೇ ನಂಬಿದ್ದರು. ವೈರಸ್ಸು ಮತ್ತು ಟೆಲೊಮರೇಸ್‌ಗಳ ವಿವರಣೆ ಜೀವವಿಜ್ಞಾನವಾಗಿ ಪೂರ್ಣ. ಆದರೆ ದಶಕಗಳ ಕಾಲ ಆ ಕುಟುಂಬಕ್ಕೆ ಒಂದು ಮಾತನ್ನೂ ತಿಳಿಸದ ವಿಜ್ಞಾನಲೋಕದ ಎದುರು, ತಮ್ಮವಳಿಗೆ ಗೌರವ ಸಲ್ಲಿಸಲು ಅವರ ಬಳಿಯಿದ್ದ ಭಾಷೆ ಅದೊಂದೇ ಆಗಿತ್ತು. ಕೋಶಗಳಿಂದ ಲಾಭ ಪಡೆದ ಕಂಪನಿಯೊಂದರ ಜೊತೆ ಕುಟುಂಬಕ್ಕೆ ಒಪ್ಪಂದವಾದದ್ದು 2023ರಲ್ಲಿ.

ಪವಾಡಗಳ ವಿಷಯದಲ್ಲಿ ಎರಡು ಕಡೆಯವರೂ ಹೇಳುವುದಕ್ಕಿಂತ ಸಂಗತಿ ಸೂಕ್ಷ್ಮವಾಗಿದೆ. ಕ್ಯಾನ್ಸರ್ ರೋಗಿಗಳ ರಕ್ಷಕನೆಂದು ಕ್ಯಾಥೊಲಿಕರು ಮೊರೆಹೋಗುವ ಸಂತ ಪೆರೆಗ್ರಿನ್, ಹದಿನಾಲ್ಕನೆಯ ಶತಮಾನದಲ್ಲಿ ಇಟಲಿಯ ಫೋರ್ಲಿ ಪಟ್ಟಣದಲ್ಲಿದ್ದವನು. ಮರುದಿನ ಕತ್ತರಿಸಬೇಕಾಗಿದ್ದ ಅವನ ಕಾಲಿನ ಹುಣ್ಣು ರಾತ್ರಿಯ ಪ್ರಾರ್ಥನೆಯಲ್ಲಿ ಮಾಯವಾಯಿತೆಂಬುದು ನಂಬಿಕೆ. ಕ್ಯಾನ್ಸರ್ ಚಿಕಿತ್ಸೆಯಿಲ್ಲದೆ ಕುಗ್ಗುವುದು ಅಪರೂಪವಾದರೂ ಸುಳ್ಳಲ್ಲ. 1966ರಲ್ಲಿ ಎವರ್ಸನ್ ಮತ್ತು ಕೋಲ್ ಎಂಬ ಶಸ್ತ್ರವೈದ್ಯರು ಅಂಥ 176 ಪ್ರಕರಣಗಳನ್ನು ಕಲೆಹಾಕಿದರು. ಚರ್ಮದ ತೀವ್ರ ಸೋಂಕಿನ ನಂತರ ಗಡ್ಡೆ ಕರಗಿದ್ದನ್ನು ಗಮನಿಸಿದ ನ್ಯೂಯಾರ್ಕಿನ ವಿಲಿಯಂ ಕೋಲಿ 1891ರಿಂದ ರೋಗಿಗಳಿಗೆ ಬ್ಯಾಕ್ಟೀರಿಯಾಗಳನ್ನೇ ಚುಚ್ಚತೊಡಗಿದ್ದ. ದೇಹದ ಸ್ವಂತ ರೋಗನಿರೋಧಕ ವ್ಯವಸ್ಥೆ ಕ್ಯಾನ್ಸರನ್ನು ಗುರುತಿಸಿ ಕೊಲ್ಲಬಲ್ಲದೆಂಬ ಆ ಊಹೆ ದೀರ್ಘಕಾಲ ಮೂಲೆಗುಂಪಾಗಿ, ಕೊನೆಗೆ ಆ ವ್ಯವಸ್ಥೆಯ ಬಿರಿಗಳನ್ನು ಸಡಿಲಿಸುವ ಔಷಧಗಳಿಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದಾಗ ಮರ್ಯಾದೆ ಪಡೆಯಿತು. ಪವಾಡವೆಂದು ತಳ್ಳಿಹಾಕಿದ್ದನ್ನು ಕುತೂಹಲದಿಂದ ನೋಡಿದ ಒಬ್ಬನಿಂದ ಚಿಕಿತ್ಸೆಯ ಒಂದು ಇಡೀ ಶಾಖೆ ಹುಟ್ಟಿತು.

ಇದಕ್ಕೆ ಜೋಡಿಯಾಗಿ ಹೇಳಬೇಕಾದದ್ದು ಕೆನಡಾದ ರಕ್ತರೋಗತಜ್ಞೆ, ವೈದ್ಯಕೀಯ ಇತಿಹಾಸಕಾರ್ತಿ ಜ್ಯಾಕಲಿನ್ ಡಫಿನ್ ಅವರ ಅನುಭವ. 1980ರ ದಶಕದಲ್ಲಿ ಅವರ ಮುಂದೆ ಅಸ್ಥಿಮಜ್ಜೆಯ ಗಾಜಿನ ಪಟ್ಟಿಗಳ ಒಂದು ಸಾಲನ್ನು, ರೋಗಿ ಯಾರೆಂದೂ ಏಕೆಂದೂ ತಿಳಿಸದೆ ಇಡಲಾಯಿತು. ತೀವ್ರ ಬಗೆಯ ರಕ್ತಕ್ಯಾನ್ಸರ್, ಚಿಕಿತ್ಸೆಯಿಂದ ಇಳಿತ, ಮರುಕಳಿಕೆ, ಮತ್ತೆ ಇಳಿತ ಎಂದು ಅವರು ವರದಿ ಬರೆದರು. ಮರುಕಳಿಸಿದ ಮೇಲೆ ರೋಗಿ ಎಂದೋ ಸತ್ತಿರಬೇಕೆಂದೇ ಅವರು ಎಣಿಸಿದ್ದರು. ರೋಗಿ ಬದುಕಿದ್ದಳು, ಮತ್ತು ವರದಿ ಹೋದದ್ದು ಮಾಂಟ್ರಿಯಲ್‌ನ ಮಾರ್ಗರೀಟ್ ದ್ಯೂವಿಲ್ ಎಂಬ ಸನ್ಯಾಸಿನಿಯನ್ನು ಸಂತಳೆಂದು ಘೋಷಿಸುವ ವ್ಯಾಟಿಕನ್ನಿನ ವಿಚಾರಣೆಗೆ. ಘೋಷಣೆ 1990ರಲ್ಲಿ ನಡೆಯಿತು. ಸ್ವತಃ ನಾಸ್ತಿಕರಾದ ಡಫಿನ್ ಅನಂತರ ವ್ಯಾಟಿಕನ್ನಿನ ದಾಖಲೆಗಳಲ್ಲಿ ಸುಮಾರು 1,400 ಪವಾಡಗಳನ್ನು ಅಭ್ಯಸಿಸಿ, ಆ ವಿಚಾರಣೆಗಳು ವೈದ್ಯರ ಸಾಕ್ಷ್ಯವನ್ನೇ ನೆಚ್ಚಿದ್ದವೆಂದು, ವಿಜ್ಞಾನ ವಿವರಿಸಬಲ್ಲದ್ದನ್ನು ಕೈಬಿಡುತ್ತಿದ್ದವೆಂದು 2009ರ ಪುಸ್ತಕದಲ್ಲಿ ತೋರಿಸಿದರು. ಆದರೆ ವಿವರಣೆ ಇಲ್ಲವೆಂಬುದು ಆ ದಿನದ ಜ್ಞಾನದ ಮಿತಿಯನ್ನು ಹೇಳುತ್ತದೆಯೇ ಹೊರತು ದೇವರ ಕೈಯನ್ನಲ್ಲ. ರೋಗನಿರೋಧಕ ವ್ಯವಸ್ಥೆಯನ್ನೇ ಬಳಸುವ ಇಮ್ಯೂನೊಥೆರಪಿಯ ಕಾಲದಲ್ಲಿ ಹಳೆಯ ಎಷ್ಟು ಪವಾಡಗಳು ವಿಚಾರಣೆಯಲ್ಲಿ ಉಳಿಯುತ್ತಿದ್ದವೆಂಬುದು ಕೇಳಬೇಕಾದ ಪ್ರಶ್ನೆ.

ಪ್ರಾರ್ಥನೆಯನ್ನು ಔಷಧದಂತೆ ಅಳೆಯುವ ಪ್ರಯೋಗಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವುಗಳಲ್ಲಿ ದೊಡ್ಡದು 2006ರಲ್ಲಿ ಪ್ರಕಟವಾದ, ಅಮೆರಿಕದ ಹೃದಯ ಶಸ್ತ್ರಚಿಕಿತ್ಸೆಯ 1,802 ರೋಗಿಗಳ ಅಧ್ಯಯನ; ಅಪರಿಚಿತರ ಪ್ರಾರ್ಥನೆಯಿಂದ ಲಾಭವೇನೂ ಕಾಣಲಿಲ್ಲ, ತಮಗಾಗಿ ಪ್ರಾರ್ಥಿಸಲಾಗುತ್ತಿದೆ ಎಂದು ಖಚಿತವಾಗಿ ತಿಳಿದವರಲ್ಲಿ ತೊಂದರೆಗಳು ತುಸು ಹೆಚ್ಚೇ ಕಂಡವು. ಇದಕ್ಕಿಂತ ಉಪಯುಕ್ತವಾದದ್ದು ನಂಬಿಕೆ ರೋಗಿಯ ಆಯ್ಕೆಗಳನ್ನು ಹೇಗೆ ಬದಲಿಸುತ್ತದೆಂಬ ಅಧ್ಯಯನ. 2009ರಲ್ಲಿ ಪ್ರಕಟವಾದ, ಕೊನೆಯ ಹಂತದ 345 ಕ್ಯಾನ್ಸರ್ ರೋಗಿಗಳ ಅಮೆರಿಕನ್ ಅಧ್ಯಯನದಲ್ಲಿ, ಧರ್ಮವನ್ನು ಗಾಢವಾಗಿ ಅವಲಂಬಿಸಿದವರು ಕೊನೆಯ ವಾರದಲ್ಲಿ ಕೃತಕ ಉಸಿರಾಟದಂಥ ತೀವ್ರ ಚಿಕಿತ್ಸೆಯನ್ನು ಉಳಿದವರ ಮೂರು ಪಾಲಿನಷ್ಟು ಪಡೆದಿದ್ದರು. ದೇವರನ್ನು ನಂಬಿದವರು ಸಾವನ್ನು ಸುಲಭವಾಗಿ ಒಪ್ಪುತ್ತಾರೆಂಬ ಸಾಮಾನ್ಯ ಊಹೆಗೆ ಇದು ತದ್ವಿರುದ್ಧ. ಪವಾಡಕ್ಕೆ ಇನ್ನೊಂದು ದಿನದ ಅವಕಾಶ ಕೊಡಬೇಕೆಂಬ ಆಸೆ ಅದರ ಹಿಂದಿರಬಹುದು. ಅದಕ್ಕೂ ಎರಡು ವರ್ಷ ಮುಂಚಿನ ಇನ್ನೊಂದು ಅಧ್ಯಯನದಲ್ಲಿ 230 ರೋಗಿಗಳ ಪೈಕಿ ಶೇಕಡ 72 ಮಂದಿ, ತಮ್ಮ ಆಧ್ಯಾತ್ಮಿಕ ಅಗತ್ಯಗಳಿಗೆ ವೈದ್ಯಕೀಯ ವ್ಯವಸ್ಥೆಯಿಂದ ಅತ್ಯಲ್ಪ ಅಥವಾ ಏನೂ ನೆರವು ಸಿಗಲಿಲ್ಲವೆಂದಿದ್ದರು. ಚರಕ ಮೂರು ಕಂಬಗಳ ಮೇಲೆ ನಿಲ್ಲಿಸಿದ್ದನ್ನು ಇಂದಿನ ಆಸ್ಪತ್ರೆ ಒಂದರ ಮೇಲೆ ನಿಲ್ಲಿಸಲು ಹೊರಟಿರುವುದರ ಫಲ ಇದು.

ಅಪರಾಧ ಹೊರಿಸುವ ಚಾಳಿ ಧರ್ಮಕ್ಕಷ್ಟೇ ಸೇರಿದ್ದಲ್ಲ. ಸೂಸನ್ ಸೊಂಟಾಗ್ 1978ರ ತಮ್ಮ ಪ್ರಬಂಧದಲ್ಲಿ, ಅದುಮಿಟ್ಟ ಭಾವನೆಗಳೇ ಕ್ಯಾನ್ಸರಾಗುತ್ತವೆ ಎಂಬ ಅಂದಿನ ಮನೋವೈಜ್ಞಾನಿಕ ನಂಬಿಕೆಯನ್ನು ಖಂಡಿಸಿದ್ದು ಇದಕ್ಕಾಗಿಯೇ. ಪಾಪ ಹೋದ ಜಾಗಕ್ಕೆ ಇಂದು ಜೀವನಶೈಲಿ ಬಂದು ಕೂತಿದೆ. ಕರ್ನಾಟಕದಲ್ಲಿ ಇದರ ತೊಡಕು ಅಡಿಕೆಯಲ್ಲಿ ಎದ್ದು ಕಾಣುತ್ತದೆ. ದೇವರ ಮುಂದೆ ಇಡುವ, ಮದುವೆಯ ಮಾತು ಮುಗಿಸುವ, ಮಲೆನಾಡು ಕರಾವಳಿಗಳ ಬದುಕನ್ನು ನಡೆಸುವ ಈ ಕಾಯಿಯನ್ನು, ತಂಬಾಕು ಬೆರೆಯದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪಟ್ಟಿಗೆ ಸೇರಿಸಿದೆ. ತಟ್ಟೆಯಲ್ಲಿಟ್ಟ ತಾಂಬೂಲಕ್ಕೂ ದಿನವಿಡೀ ಕೆನ್ನೆಯಲ್ಲಿಟ್ಟುಕೊಳ್ಳುವ ಅಡಿಕೆಗೂ ವ್ಯತ್ಯಾಸವಿದೆಯೆಂಬುದು ನಿಜ, ಆದರೆ ಆ ವ್ಯತ್ಯಾಸವನ್ನು ಬಾಯಿಯ ಕೋಶಗಳಿಗೆ ತಿಳಿಸುವುದು ಪ್ರಮಾಣವೇ ಹೊರತು ಪಾವಿತ್ರ್ಯವಲ್ಲ. ಹಾಗೆಂದು ಬಾಯಿಯ ಕ್ಯಾನ್ಸರ್ ಹೊತ್ತು ಬಂದ ಕೂಲಿಯವನಿಗೆ ಅವನ ಚಟವನ್ನು ನೆನಪಿಸುವುದು, ಪೂರ್ವಜನ್ಮವನ್ನು ನೆನಪಿಸುವುದಕ್ಕಿಂತ ದೊಡ್ಡ ಔಷಧವೇನಲ್ಲ.

ಈ ಎಲ್ಲ ಎಳೆಗಳೂ ಒಂದೆಡೆ ಸೇರುವ ಪ್ರಕರಣ 1885 ಮತ್ತು 86ರ ಕಲ್ಕತ್ತದ್ದು. ರಾಮಕೃಷ್ಣ ಪರಮಹಂಸರ ಗಂಟಲುನೋವು ಕ್ಯಾನ್ಸರೆಂದು ಗೊತ್ತಾದ ಮೇಲೆ, ಪಂಡಿತ ಶಶಧರ ತರ್ಕಚೂಡಾಮಣಿ, ಮನಸ್ಸನ್ನು ರೋಗದ ಜಾಗದಲ್ಲಿ ನಿಲ್ಲಿಸಿ ಗುಣಪಡಿಸಿಕೊಳ್ಳಬಾರದೇ ಎಂದು ಕೇಳಿದಾಗ, ದೇವಿಗೆ ಒಪ್ಪಿಸಿದ ಮನಸ್ಸನ್ನು ಈ ಮಾಂಸದ ಗೂಡಿಗೆ ತಿರುಗಿಸಲಾರೆನೆಂದು ಅವರು ನಿರಾಕರಿಸಿದರು. ಶಿಷ್ಯ ನರೇಂದ್ರನ ಒತ್ತಾಯಕ್ಕೆ ಮಣಿದು ಕಾಳಿಯನ್ನು ಕೇಳಿಕೊಂಡಾಗಲೂ, ಇಷ್ಟೊಂದು ಬಾಯಿಗಳಿಂದ ಉಣ್ಣುತ್ತಿದ್ದೀಯಲ್ಲ ಎಂದು ಅವಳು ತೋರಿಸಿಕೊಟ್ಟಳೆಂದೂ ತಾವು ನಾಚಿಕೊಂಡೆವೆಂದೂ ಹೇಳಿದರು. 1934ರಲ್ಲಿ ಕುವೆಂಪು ಬರೆದ ಜೀವನಚರಿತ್ರೆಯ ಮೂಲಕ ಕನ್ನಡಿಗರಿಗೂ ಪರಿಚಿತವಾದ ಈ ಬದುಕಿನಲ್ಲಿ, ಹಾಗೆಯೇ ಎಡತೋಳಿನ ಗಡ್ಡೆಗೆ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ ಪಡೆದು 1950ರಲ್ಲಿ ತೀರಿಕೊಂಡ ರಮಣ ಮಹರ್ಷಿಗಳಲ್ಲಿ, ದೈವ ರೋಗದ ಕಾರಣವೂ ಆಗಿರಲಿಲ್ಲ, ಮದ್ದೂ ಆಗಿರಲಿಲ್ಲ. ಪಾಪದ ಲೆಕ್ಕ ಹಿಡಿಯುವವರು ಈ ಇಬ್ಬರ ಹೆಸರಿನ ಮುಂದೆ ಏನು ಬರೆಯುತ್ತಾರೆಂಬುದನ್ನು ಇದುವರೆಗೆ ಹೇಳಿಲ್ಲ.

ಪರಮಹಂಸರಿಗೆ ಚಿಕಿತ್ಸೆ ಮಾಡಿದವರು, ಭಾರತೀಯರೇ ನಡೆಸುವ ಸಂಶೋಧನೆಗಾಗಿ 1876ರಲ್ಲಿ ಕಲ್ಕತ್ತದ ವಿಜ್ಞಾನ ಸಂಸ್ಥೆಯನ್ನು ಕಟ್ಟಿದ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್. ಅವತಾರವೆಂಬ ಮಾತನ್ನು ಒಪ್ಪದ, ಅದನ್ನು ಭಕ್ತರ ಎದುರಿಗೇ ಹೇಳುತ್ತಿದ್ದ ಈ ವಿಚಾರವಾದಿ ಕೊಟ್ಟದ್ದು ಹೋಮಿಯೋಪಥಿ ಔಷಧವೆಂಬುದನ್ನೂ ಮರೆಮಾಚಬಾರದು. ರೋಗಿಯನ್ನು ನೋಡಿ ಹೋಗಲು ಬಂದ ಸರ್ಕಾರ್ ಗಂಟೆಗಟ್ಟಲೆ ಕುಳಿತು ವಾದಿಸುತ್ತಿದ್ದರು. ಅವರ ಸಂಸ್ಥೆಯಲ್ಲಿಯೇ 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಬೆಳಕಿನ ಚದುರುವಿಕೆಯನ್ನು ಬಳಸಿ, ಗಡ್ಡೆಯ ಅಂಗಾಂಶವನ್ನು ಆರೋಗ್ಯವಂತ ಅಂಗಾಂಶದಿಂದ ಬೇರ್ಪಡಿಸಿ ಗುರುತಿಸುವ ಸಂಶೋಧನೆ ಇಂದು ಹಲವು ದೇಶಗಳಲ್ಲಿ ನಡೆಯುತ್ತಿದೆ. 1886ರ ಆಗಸ್ಟ್ 16ರ ಮಧ್ಯಾಹ್ನ ಕಾಶೀಪುರದ ತೋಟದ ಮನೆಗೆ ಬಂದ ಸರ್ಕಾರ್, ಪರಮಹಂಸರು ತೀರಿಕೊಂಡಿದ್ದಾರೆಂದು ದೃಢಪಡಿಸಿದರು. ಒಂದು ಛಾಯಾಚಿತ್ರ ತೆಗೆಸಿರೆಂದು ಶಿಷ್ಯರಿಗೆ ಹೇಳಿ, ಅದರ ಖರ್ಚಿಗೆ ತಮ್ಮ ಕೈಯಿಂದ ಹತ್ತು ರೂಪಾಯಿ ಕೊಟ್ಟು ಹೋದರು.